ತಾಳವಿಲ್ಲ, ಹಾಡಿಲ್ಲ, ಆದರೂ ಎಲಿಯಾನ್ ರಾಡಿಗ್ ಅವರ ಎಲೆಕ್ಟ್ರಾನಿಕ್ ಸಂಗೀತ ಮನಸ್ಸನ್ನು ತಟ್ಟುವುದು ಹೇಗೆ?

ನಾದದ ಒಳಗೇ ನಡೆಯುವ ಬದಲಾವಣೆಯಿಂದ. ಫ್ರಾನ್ಸಿನ ಈ ಸಂಯೋಜಕಿಯ ಕೃತಿಗಳಲ್ಲಿ ಸ್ವರಗಳು ಓಡಾಡುವುದಿಲ್ಲ; ಹಿಡಿದ ನಾದವೇ ಬಹಳ ನಿಧಾನವಾಗಿ ಬಣ್ಣ ಬದಲಿಸುತ್ತದೆ.

ಮುಖ್ಯವಾದದ್ದು ಮಿಡಿತ. ಸೆಕೆಂಡಿಗೆ 220 ಸಲ ಕಂಪಿಸುವ ಧ್ವನಿಯ ಜೊತೆ 221 ಸಲ ಕಂಪಿಸುವ ಇನ್ನೊಂದನ್ನು ನುಡಿಸಿದರೆ ಎರಡು ಶ್ರುತಿ ಕೇಳಿಸುವುದಿಲ್ಲ. ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುವ ಒಂದೇ ನಾದ ಕೇಳಿಸುತ್ತದೆ. ಅಂತರವನ್ನು ಕಾಲು ಕಂಪನಕ್ಕೆ ಇಳಿಸಿದರೆ ಅದೇ ಅಲೆ ನಾಲ್ಕು ಸೆಕೆಂಡಿಗೊಮ್ಮೆ, ನಿರಾಳವಾದ ಉಸಿರಿನ ಹಾಗೆ. ತಂಬೂರಿ ಶ್ರುತಿ ಮಾಡುವವರಿಗೆ ಈ ಅಲೆ ಚೆನ್ನಾಗಿ ಗೊತ್ತು. ತಂತಿಗಳು ಕೂಡುವವರೆಗೆ ಅವರು ಅದನ್ನು ತಗ್ಗಿಸುತ್ತಾ ಹೋಗುತ್ತಾರೆ. ರಾಡಿಗ್ ಅದನ್ನೇ ಉಳಿಸಿ ಬೆಳೆಸುತ್ತಾರೆ. 1970ರ ದಶಕದಿಂದ ಆರ್ಪ್ 2500 ಎಂಬ ಸಿಂಥಸೈಜರಿನಲ್ಲಿ (ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ವಾದ್ಯ), ಕೀಬೋರ್ಡ್ ಬಿಟ್ಟು, ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಟೇಪಿನಲ್ಲಿ ಕಟ್ಟಿದ ಸಂಗೀತವಿದು. ಸುಮಾರು ಮೂರು ಗಂಟೆಯ ‘ಟ್ರಿಲೊಜಿ ದ ಲಾ ಮೋರ್’ (ಸಾವಿನ ಕುರಿತ ಮೂರು ಭಾಗಗಳ ಕೃತಿ, 1988–93) ರೂಪುಗೊಳ್ಳುತ್ತಿದ್ದಾಗಲೇ ಅವರ ಮಗ ತೀರಿಕೊಂಡ. ಅಳುವ ರಾಗ ಅದರಲ್ಲಿ ಒಂದೂ ಇಲ್ಲ, ಆದರೂ ಆ ಭಾರ ಎದೆಗೆ ತಾಗುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ತಗ್ಗಿನ ಧ್ವನಿಗಳು ಅದರಲ್ಲಿ ಸರಿಯಾಗಿ ಬರುವುದಿಲ್ಲ, ಮಿಡಿತ ಮಾಯವಾಗಿ ಬರೀ ಗುಂಯ್‌ಗುಡುವಿಕೆ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್, ಮಧ್ಯಮ ಸದ್ದು, ಕನಿಷ್ಠ 20 ನಿಮಿಷ. ನಡುವೆ ಮುಂದಕ್ಕೆ ಹಾರಿಸಿದರೆ ಬದಲಾವಣೆಯೇ ಕೈತಪ್ಪುತ್ತದೆ.