ಪ್ಯಾಥಾಲಜಿ ಓದಿದರೆ ಬರೀ ರಕ್ತ ಪರೀಕ್ಷೆ ಮಾಡಿಕೊಂಡಿರಬೇಕೇ?

ತಂಗಿಗೆ ಎಂ.ಡಿ. ಪ್ಯಾಥಾಲಜಿ (ರಕ್ತ, ದೇಹದ ತುಣುಕು ಪರೀಕ್ಷಿಸಿ ರೋಗ ಗುರುತಿಸುವ ವಿಭಾಗ) ಸೀಟು ಸಿಕ್ಕಿದೆ, ಮನೆಯ ಹಿರಿಯರು ‘ರೋಗಿಯನ್ನೇ ಮುಟ್ಟದವಳು ಎಂಥ ಡಾಕ್ಟರ್? ರಕ್ತ ಪರೀಕ್ಷೆಗೆ ಇಷ್ಟು ಓದಬೇಕೇ?’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಬೆಳಗಾವಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ನಮ್ಮ ಬೀಗರು ಇಂದಿಗೂ ನನ್ನನ್ನು ‘ಲ್ಯಾಬಿನವರು’ ಎಂದೇ ಪರಿಚಯಿಸುತ್ತಾರೆ.

ರಕ್ತ ತೆಗೆಯುವುದು, ಯಂತ್ರ ನಡೆಸುವುದು ಬಹುಪಾಲು ಡಿ.ಎಂ.ಎಲ್.ಟಿ. (ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ಓದಿದ ತಂತ್ರಜ್ಞರ ಕೆಲಸ. ಯಂತ್ರ ಕೊಟ್ಟ ಅಂಕಿಯ ಮೇಲೆ ಅನುಮಾನ ಬಂದಾಗ ಸ್ಮಿಯರ್, ಅಂದರೆ ಗಾಜಿನ ಮೇಲೆ ತೆಳುವಾಗಿ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸೋಂಕೋ ರಕ್ತದ ಕ್ಯಾನ್ಸರೋ ಎಂದು ಹೇಳುವುದು ನಮ್ಮ ಪಾಲಿನದು. ಎಂಬಿಬಿಎಸ್‌ನ ಐದೂವರೆ ವರ್ಷದ ಮೇಲೆ ಎಂ.ಡಿ.ಯ 3 ವರ್ಷ ಬೇಕಾಗುವುದು ಅದಕ್ಕೆ.

ನನ್ನ ದಿನದ ಹೆಚ್ಚಿನ ಹೊತ್ತು ಹೋಗುವುದು ಬಯಾಪ್ಸಿಗೆ, ಅಂದರೆ ರೋಗಿಯ ದೇಹದಿಂದ ತೆಗೆದ ತುಣುಕಿನ ಪರೀಕ್ಷೆಗೆ. ತಂಬಾಕು, ಗುಟ್ಕಾ ಬಿಡದ ನಮ್ಮ ಸೀಮೆಯಲ್ಲಿ ಬಾಯಿಹುಣ್ಣಿನ ತುಣುಕುಗಳು ಬರುತ್ತಲೇ ಇರುತ್ತವೆ. ತುಣುಕು ಮೊದಲು, ಕೊಳೆಯದಂತೆ ಕಾಪಾಡುವ ದ್ರಾವಣವಾದ ಫಾರ್ಮಾಲಿನ್‌ನಲ್ಲಿ ನೆನೆಯಬೇಕು. ಆಮೇಲೆ ಆಲ್ಕೋಹಾಲ್‌ನಿಂದ ಅದರ ನೀರು ತೆಗೆದು, ಮೇಣ ತುಂಬಿ, 3-4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ತೆಳುವಾಗಿ ಕೊಯ್ದು ಬಣ್ಣ ಹಾಕಬೇಕು. ‘ಒಂದು ರಿಪೋರ್ಟಿಗೆ ಇಷ್ಟು ದಿನವೇ?’ ಎಂದು ಕಿಟಕಿಯಲ್ಲಿ ಜಗಳ ತೆಗೆಯುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಕೆಲವರು ತುಣುಕನ್ನು ಬರೀ ಉಪ್ಪುನೀರಾದ ಸಲೈನ್‌ನಲ್ಲಿ ಹಾಕಿ ಕಳಿಸುತ್ತಾರೆ. ದೂರದ ಊರಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ಹದಗೆಟ್ಟಿರುತ್ತದೆ. ಫಾರ್ಮಾಲಿನ್ ತುಣುಕಿನ ಹತ್ತು ಪಟ್ಟಾದರೂ ಇರಬೇಕು. ವಯಸ್ಸು, ಜಾಗ, ಎಷ್ಟು ದಿನದ ಗಂಟು ಎಂಬುದೇನೂ ಇಲ್ಲದೆ, ಚೀಟಿಯಲ್ಲಿ ‘ಬಯಾಪ್ಸಿ’ ಎಂದಷ್ಟೇ ಗೀಚುವ ವೈದ್ಯರ ಮೇಲೆ ನನಗೆ ಹಳೆಯ ಸಿಟ್ಟಿದೆ. ಅದರಲ್ಲೂ ಎಕ್ಸ್‌ರೇ ನೋಡದೆ ಮೂಳೆಗಡ್ಡೆಗೆ ಹೆಸರು ಕೊಡುವುದೆಂದರೆ ಕಣ್ಣು ಕಟ್ಟಿಕೊಂಡು ಅಕ್ಕಿ ಆರಿಸಿದಂತೆ.

ರೋಗಿಯನ್ನು ಮುಟ್ಟುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಕುತ್ತಿಗೆ ಅಥವಾ ಸ್ತನದ ಗಂಟಿಗೆ ಸಣ್ಣ ಸೂಜಿ ಚುಚ್ಚಿ ಜೀವಕೋಶ ತೆಗೆಯುವ ಎಫ್‌ಎನ್‌ಎಸಿಯನ್ನು ಅನೇಕ ಕಡೆ ನಾವೇ ಮಾಡುತ್ತೇವೆ. ಫ್ರೋಜನ್ ಸೆಕ್ಷನ್‌ನಲ್ಲಂತೂ ರೋಗಿ ಇನ್ನೂ ಆಪರೇಷನ್ ಮೇಜಿನ ಮೇಲೆಯೇ ಇರುತ್ತಾರೆ. ತುಣುಕನ್ನು ಹೆಪ್ಪುಗಟ್ಟಿಸಿ ಕೊಯ್ದು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಇಲ್ಲವೇ ಎಂದು ಸುಮಾರು 20 ನಿಮಿಷದಲ್ಲಿ ತಿಳಿಸಬೇಕು. ಇನ್ನಷ್ಟು ಕೊಯ್ಯಬೇಕೋ ಹೊಲಿಯಬೇಕೋ ಎಂದು ಸರ್ಜನ್ ತೀರ್ಮಾನಿಸುವುದು ಆ ಮಾತಿನ ಮೇಲೆ. ನನಗೆ ಈ ಕೆಲಸದಲ್ಲಿ ಬೆವರು ಬರುವುದು ಆಗ ಮಾತ್ರ. ಪೊಲೀಸ್ ಪ್ರಕರಣಗಳ ಶವಪರೀಕ್ಷೆ ಬೇರೆ ವಿಭಾಗದ್ದು. ಸಿನಿಮಾ ನೋಡಿದ ಹಿರಿಯರಿಗೆ ಅಷ್ಟು ಹೇಳಿಬಿಡಿ.

ಸೀಟು ಯಾವ ಕಾಲೇಜಿನದು ಎಂದು ನೀವು ತಿಳಿಸಿಲ್ಲ. ಎಲ್ಲಿಯದೇ ಆಗಲಿ, ದಿನಕ್ಕೆ ಎಷ್ಟು ಬಯಾಪ್ಸಿ ಬರುತ್ತವೆ, ಫ್ರೋಜನ್ ಸೌಲಭ್ಯ ಇದೆಯೇ, ಹಳೆಯ ಸ್ಲೈಡುಗಳನ್ನು ವಿದ್ಯಾರ್ಥಿಗಳಿಗೆ ನೋಡಲು ಕೊಡುತ್ತಾರೆಯೇ ಎಂದು ನಿಮ್ಮ ತಂಗಿ ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನೇ ಕೇಳಲಿ, ಪ್ರಾಧ್ಯಾಪಕರನ್ನಲ್ಲ.