ಸುರಂಗದ ನೀರಿನಲ್ಲಿ ಆಕ್ಸೊಲಾಟಲ್ ಸಾಕಬಹುದೇ?

(ಕಾಸರಗೋಡಿನ ಪೆರ್ಲದ ಓದುಗರೊಬ್ಬರ ಪತ್ರದ ಸಾರ: ಐದನೇ ಕ್ಲಾಸಿನ ಮಗ ಗೇಮ್‌ನಲ್ಲಿ ನೋಡಿ ಆಕ್ಸೊಲಾಟಲ್ ಬೇಕೆಂದು ಹಟ ಹಿಡಿದಿದ್ದಾನೆ. "ನಮ್ಮಲ್ಲಿ ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ತಣ್ಣೀರು ಇದೆ. ಮನೆಯವರೆಲ್ಲ ಸೇರಿ ಸಾಕಿದರೆ ಆಗದೇ? ದೊಡ್ಡದಾದ ಮೇಲೆ ಅದು ಕಪ್ಪೆ ಆಗ್ತದಾ ಎಂದು ಮಗಳು ಕೇಳುತ್ತಿದ್ದಾಳೆ.")

ಅಕ್ಕಾ,

ಮೊದಲು ಮಗಳ ಪ್ರಶ್ನೆ. ಇಲ್ಲ, ಕಪ್ಪೆ ಆಗುವುದಿಲ್ಲ. ಆಕ್ಸೊಲಾಟಲ್ ಒಂದು ಸಾಲಮಾಂಡರ್. ಕಪ್ಪೆಗೆ ದೂರದ ನೆಂಟ, ಆದರೆ ಬಾಲ ಬಿಡದ ಪಂಗಡ. ನಮ್ಮ ಗೊದಮೊಟ್ಟೆಗೆ ಕಾಲು ಮೂಡಿ, ಬಾಲ ಕರಗಿ, ಅದು ದಡ ಹತ್ತುತ್ತದಲ್ವಾ? ಇದು ಸಾಮಾನ್ಯವಾಗಿ ಹತ್ತುವುದೇ ಇಲ್ಲ. ಗರಿಯಂಥ ಕಿವಿರು ಇಟ್ಟುಕೊಂಡೇ ಬೆಳೆಯುತ್ತದೆ, ನೀರಿನಲ್ಲೇ ಮೊಟ್ಟೆ ಇಡುತ್ತದೆ, ನೀರಿನಲ್ಲೇ ಮುದಿಯಾಗುತ್ತದೆ. ಕಾಲು ತುಂಡಾದರೆ ಎಲುಬು ಸಮೇತ ಹೊಸ ಕಾಲು ಬರುತ್ತದೆ. ನಿಮ್ಮ ಮಗ ಮರುಳಾಗಿದ್ದರಲ್ಲಿ ಆಶ್ಚರ್ಯವಿಲ್ಲ. ನನಗೂ ಅದೆಂದರೆ ಬೆರಗು.

ಆದರೆ ಸುರಂಗದ ನೀರು ಸಾಲದು. ಅದರ ಊರು ಮೆಕ್ಸಿಕೊ ನಗರದ ದಕ್ಷಿಣ ಭಾಗದ ಸೊಚಿಮಿಲ್ಕೊ. ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದ ಜಾಗ. 16ರಿಂದ 18 ಡಿಗ್ರಿ ನೀರು ಅದಕ್ಕೆ ಹಿತ. ನೆಲದಡಿಯ ನೀರು ಹೆಚ್ಚುಕಡಿಮೆ ಆ ಊರಿನ ವರ್ಷದ ಸರಾಸರಿ ಸೆಖೆಯಷ್ಟೇ ಇರುತ್ತದೆ. ನಮ್ಮ ಕಡೆ ಅದು 26-27 ಡಿಗ್ರಿ. ಏಪ್ರಿಲ್‌ನ ಮಧ್ಯಾಹ್ನ ತೋಟದಿಂದ ಬೆವರಿ ಬಂದ ನಮಗೆ ಆ ನೀರು ಅಮೃತ. ಆಕ್ಸೊಲಾಟಲ್‌ಗೆ ಅದೇ ನೀರು ಬಿಡದ ಜ್ವರ ಇದ್ದ ಹಾಗೆ. ನೀರು ಬೆಚ್ಚಗಾದಷ್ಟೂ ಅದರ ಮೈ ಬೆಚ್ಚಗಾಗುತ್ತದೆ. ಊಟ ಬಿಡುತ್ತದೆ. ಕಿವಿರಿನ ಮೇಲೆ ಹತ್ತಿಯಂಥ ಬೂಷ್ಟು ಬರುತ್ತದೆ.

ಹಾಗಾದರೆ ನೀರನ್ನು ತಣ್ಣಗಿಡುವ ಯಂತ್ರ, ಚಿಲ್ಲರ್ ಬೇಕು. ಹಗಲು ರಾತ್ರಿ ಓಡಬೇಕು. ಬೇಸಿಗೆಯ ಸಂಜೆ ಒಂದು ಗುಡುಗು ಬಂದರೆ ನಮ್ಮ ಹಳ್ಳಿಗಳಲ್ಲಿ ಕರೆಂಟ್ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

"ಮನೆಯವರೆಲ್ಲ ಸೇರಿ" ಅಂದಿರಿ. ಆ ಮಾತು ಇಷ್ಟವಾಯಿತು. ಆದರೆ ಇದನ್ನು ಎತ್ತಿ ಮುದ್ದು ಮಾಡುವಂತಿಲ್ಲ, ಚರ್ಮ ತೀರಾ ಸೂಕ್ಷ್ಮ. ಕಣ್ಣಿಗೆ ರೆಪ್ಪೆ ಇಲ್ಲ, ಜೋರು ಬೆಳಕು ಆಗದು. ತೊಟ್ಟಿಯಲ್ಲಿ ಸಣ್ಣ ಕಲ್ಲು ಹಾಕಿದರೆ ನುಂಗಿಬಿಡುತ್ತದೆ. ಎರೆಹುಳ ಬೇಕು, ವಾರವಾರ ಸ್ವಲ್ಪ ಸ್ವಲ್ಪ ನೀರು ಬದಲಿಸಬೇಕು. ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗ ಓದಲು ಮಂಗಳೂರಿಗೋ ಬೆಂಗಳೂರಿಗೋ ಹೋಗಿರುತ್ತಾನೆ. ಎರೆಹುಳ ಹುಡುಕುವವರು ಆಗ ನೀವೇ ಅಕ್ಕಾ. ಇದನ್ನು ಮನೆಯಲ್ಲಿ ಈಗಲೇ ಮಾತಾಡಿ.

ಕಾನೂನೂ ಇದೆ. ಅಪಾಯದಲ್ಲಿರುವ ಪ್ರಾಣಿ-ಗಿಡಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಆಕ್ಸೊಲಾಟಲ್ ಇದೆ. 2022ರಲ್ಲಿ ನಮ್ಮ ದೇಶದ ವನ್ಯಜೀವಿ ಕಾಯ್ದೆ ತಿದ್ದಿದ ಮೇಲೆ ಇಂಥ ಪ್ರಾಣಿ ಸಾಕುವವರು ನೋಂದಣಿ ಮಾಡಿಸಬೇಕು. ಅಂಗಡಿಯವರು "ಅದೆಲ್ಲ ಬೇಡ" ಅಂದರೆ ನಂಬಬೇಡಿ.

ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಯಾರಾದರೂ ತಂದು, ಸಾಕಲಾಗದೆ ಹೋದರೆ, ಸುಮ್ನೆ ಮದಕಕ್ಕೋ ತೋಡಿಗೋ ಬಿಡಬೇಡಿ. ತೊಟ್ಟಿಯ ನೀರನ್ನೂ ಅಲ್ಲಿಗೆ ಚೆಲ್ಲಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಫೈರ್ ಸಾಲಮಾಂಡರ್‌ಗಳು ರಾಶಿ ರಾಶಿ ಸತ್ತವು. ಚರ್ಮ ತಿನ್ನುವ ಒಂದು ಶಿಲೀಂಧ್ರ ಕಾರಣವೆಂದು 2013ರಲ್ಲಿ ಗೊತ್ತಾಯಿತು. ಸಾಕಲು ಮಾರುವ ಏಷ್ಯಾದ ಸಾಲಮಾಂಡರ್‌ಗಳ ಜೊತೆ ಅದು ಅಲ್ಲಿಗೆ ಹೋಯಿತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ನಮ್ಮ ಘಟ್ಟದ ಕಪ್ಪೆಗಳಿಗೆ ಹೊರಗಿನ ಯಾವ ರೋಗವೂ ಬರುವುದು ಬೇಡ.

ಹಾಗಾಗಿ ನನ್ನ ಉತ್ತರ: ತರಬೇಡಿ. ಮಗನಿಗೆ ಬೇಜಾರಾಗುತ್ತದೆ, ಗೊತ್ತು. ಅವನಿಗೆ ಇದನ್ನು ಹೇಳಿ. ಮಳೆ ಹಿಡಿದ ಮೇಲೆ ರಾತ್ರಿ ಟಾರ್ಚ್ ಹಿಡಿದು ಅಪ್ಪನ ಜೊತೆ ತೋಟದ ಕೆರೆಯ ಹತ್ತಿರ ಹೋಗಲಿ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಬಿಳಿ ನೊರೆಯ ಮುದ್ದೆ ಕಂಡರೆ ಅದು ಹಾರುವ ಕಪ್ಪೆಯ ಗೂಡು ಇರಬಹುದು. ಮೈ ಹಸಿರು, ಬೆರಳ ನಡುವಿನ ಪೊರೆ ಕೇಸರಿ. ಮರದಿಂದ ಮರಕ್ಕೆ ತೇಲುತ್ತಾ ಹೋಗುತ್ತದೆ. ಕೆಲವು ದಿನಕ್ಕೆ ನೊರೆ ಕರಗಿ ಗೊದಮೊಟ್ಟೆಗಳು ತೊಟ್ ತೊಟ್ ಎಂದು ನೀರಿಗೆ ಬೀಳುತ್ತವೆ. ಮುಟ್ಟುವುದು ಬೇಡ, ಬಾಟಲಿಗೆ ತುಂಬುವುದೂ ಬೇಡ. ಯಾವ ದಿನ ಕಾಲು ಬಂತು, ಯಾವ ದಿನ ಬಾಲ ಹೋಯಿತು ಎಂದು ಅಣ್ಣ ತಂಗಿ ಬರೆದಿಟ್ಟು, ಚಿತ್ರ ಬಿಡಿಸಿ ಕಳಿಸಲಿ. ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ