2024-25ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಡವಿದ್ದು ತಂತ್ರದಿಂದಲೋ, ಆಟಗಾರರ ಆಯ್ಕೆಯಿಂದಲೋ?

ಇಂಗ್ಲೆಂಡಿನ ಈ ಫುಟ್‌ಬಾಲ್ ಕ್ಲಬ್ ಬಗ್ಗೆ ಮೈಸೂರಿನ ಸರಸ್ವತಿಪುರಂನ ಚಹಾ ಅಂಗಡಿಯಲ್ಲಿ ನಮ್ಮ ಗೆಳೆಯರ ಬಳಗ ತಿಂಗಳುಗಟ್ಟಲೆ ವಾದಿಸಿದ ಪ್ರಶ್ನೆ ಇದು. ಆಟಗಾರರ ಆಯ್ಕೆಯದೇ ಹೆಚ್ಚಿನ ಪಾಲು ಎಂಬುದು ನನ್ನ ಖಚಿತ ಅಭಿಪ್ರಾಯ.

2024ರ ಅಕ್ಟೋಬರ್‌ನಲ್ಲಿ ತರಬೇತುದಾರ ಎರಿಕ್ ಟೆನ್ ಹಾಗ್ ಅವರನ್ನು ವಜಾ ಮಾಡಿದ ಕ್ಲಬ್, ನವೆಂಬರ್‌ನಲ್ಲಿ ರೂಬೆನ್ ಅಮೊರಿಮ್ ಅವರಿಗೆ ಹೊಣೆ ವಹಿಸಿತು. ಅವರು ನೆಚ್ಚಿದ್ದು ಹಿಂದೆ ಮೂವರು ರಕ್ಷಕರಿರುವ ಪದ್ಧತಿ; ಇದರಲ್ಲಿ ಎರಡು ಅಂಚಿನ ಆಟಗಾರರು ದಾಳಿಗೂ ರಕ್ಷಣೆಗೂ ಓಡಬೇಕು. ತಂಡವಾದರೋ ನಾಲ್ವರು ರಕ್ಷಕರ ಆಟಕ್ಕೆಂದು ಕಟ್ಟಿದ್ದು. ನಮ್ಮ ಗೆಳೆಯರೊಬ್ಬರು ಮೇಜಿನ ಮೇಲೆ ಖಾಲಿ ಲೋಟಗಳನ್ನು ಜೋಡಿಸಿ, ಎರಡು ಅಂಚಿನ ಲೋಟಗಳನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತಾ, "ಇಡೀ ಗೆರೆಯುದ್ದಕ್ಕೂ ತೊಂಬತ್ತು ನಿಮಿಷ ಹೀಗೆ ಓಡುವವರು ಈ ತಂಡದಲ್ಲಿ ಯಾರಿದ್ದಾರೆ ಹೇಳಿ" ಎಂದು ಕೇಳಿದಾಗ ನಾವೆಲ್ಲ ಸುಮ್ಮನಾದೆವು. ಆ ಕೊರತೆ ಕ್ಲಬ್ಬಿಗೂ ಗೊತ್ತಿತ್ತು. ಋತುವಿನ ನಡುವೆಯೇ ಇಟಲಿಯ ಲೆಚ್ಚೆ ಕ್ಲಬ್‌ನಿಂದ ಪ್ಯಾಟ್ರಿಕ್ ಡೋರ್ಗು ಅವರನ್ನು ಎಡಬದಿಗೆ ತರಿಸಿಕೊಂಡರು. ಮೈದಾನದ ನಡುವೆ ಇಬ್ಬರೇ ಉಳಿಯುವ ಈ ಪದ್ಧತಿಯಲ್ಲಿ, ಮೂವತ್ಮೂರರ ಕಸೆಮಿರೊ ಅವರಂಥ ಅನುಭವಿಯ ಮೇಲೂ ವಿಪರೀತ ಭಾರ ಬಿತ್ತು.

ಫಲವಾಗಿ ಇಂಗ್ಲೆಂಡಿನ ಇಪ್ಪತ್ತು ತಂಡಗಳ ಪ್ರೀಮಿಯರ್ ಲೀಗ್‌ನಲ್ಲಿ 42 ಅಂಕಗಳೊಂದಿಗೆ 15ನೇ ಸ್ಥಾನ. ಸ್ಪೇನಿನ ಬಿಲ್ಬಾವೊದಲ್ಲಿ ನಡೆದ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್ ಫೈನಲ್‌ನಲ್ಲಿ ಇಂಗ್ಲೆಂಡಿನದೇ ಟಾಟನ್‌ಹ್ಯಾಮ್ ಎದುರು 1-0 ಸೋಲು.

ಹಾಗೆಂದು ಅಮೊರಿಮ್ ಅವರನ್ನು ನಾನು ಈ ತಪ್ಪಿನ ಹೊಣೆಯಿಂದ ಪೂರ್ತಿ ಬಿಡುಗಡೆ ಮಾಡಲಾರೆ. ಕೈಯಲ್ಲಿದ್ದ ಆಟಗಾರರಿಗೆ ಒಗ್ಗುವಂತೆ ಕೆಲವು ಪಂದ್ಯಗಳಲ್ಲಾದರೂ ಅವರು ನಾಲ್ವರು ರಕ್ಷಕರಿಗೆ ಮರಳಬೇಕಿತ್ತು. ಆದರೆ ಋತುವಿನ ಮಧ್ಯದಲ್ಲಿ ಇಂಥ ತರಬೇತುದಾರರನ್ನೇ ಆರಿಸಿ, ಅವರ ಪದ್ಧತಿಗೆ ಬೇಕಾದ ಆಟಗಾರರನ್ನು ಮೊದಲೇ ಹೊಂದಿಸದಿದ್ದದ್ದು ಆಡಳಿತದ ತಪ್ಪು.